ಕಂದು ಸೀಸೆಯ ಮರಳು

"ಸೀಸೆ ಕಾಣ್ತಿಲ್ಲ."

ಮಿತ್ಸುಯೊ ಅಷ್ಟೇ ಹೇಳಿದ್ದು. ಬಸ್ಸಿನ ಮೆಟ್ಟಿಲ ಮೇಲೆ ನಿಂತಿದ್ದರು. ಕೈಯಲ್ಲಿ ನೀಲಿ ಬಟ್ಟೆಯ ಚೀಲ, ಅದು ಖಾಲಿ. ಮುಖ ಬಿಳಿಚಿಕೊಂಡಿತ್ತು.

ಬಸ್ಸಿನ ಬಾಗಿಲಿಗೆ ಬೀಗ ಹಾಕಿ ಎದುರಿನ ಬೆಂಚಿನಲ್ಲಿ ಡಬ್ಬಿ ಕಾಫಿ ಕುಡಿಯುತ್ತ ಕೂತಿದ್ದ ನಾನು, ಆಕೆಗಾಗಿ ಬಾಗಿಲು ತೆಗೆದು ಈಗಷ್ಟೇ ಮತ್ತೆ ಕೂತಿದ್ದೆ. ಅರೆನಿದ್ದೆಯಲ್ಲಿದ್ದೆ ಎಂದರೂ ತಪ್ಪಿಲ್ಲ. ತೊತ್ತೊರಿಯ ಮರಳ ದಿಬ್ಬಗಳ ಎದುರು ಏಪ್ರಿಲ್ ಮಧ್ಯಾಹ್ನ ಎಚ್ಚರವಾಗಿರುವುದು ಸುಲಭವಲ್ಲ. ರಾತ್ರಿ ಜಿನುಗಿದ ಮಳೆ ನಿಂತು, ಸಮುದ್ರದಿಂದ ಮಂಜು ಎದ್ದು ಬಂದಿತ್ತು. ದೊಡ್ಡ ದಿಬ್ಬದ ಮೇಲರ್ಧ ಮಾತ್ರ ಕಾಣುತ್ತಿತ್ತು. ಅದರ ಬೆನ್ನಿನ ಮೇಲೆ ನಡೆಯುತ್ತಿದ್ದ ಜನ ಆಕಾಶದಲ್ಲೇ ನಡೆದಂತಿತ್ತು. ಅಲೆಗಳ ಸದ್ದು ಕೇಳುತ್ತಿತ್ತು, ಸಮುದ್ರ ಎಲ್ಲೂ ಇರಲಿಲ್ಲ.

ಯಾವ ಸೀಸೆ ಎಂದು ನಾನು ಕೇಳಬೇಕಾಗಿರಲಿಲ್ಲ. ಬೆಳಿಗ್ಗೆ ಹಿಮೇಜಿ ಬಿಟ್ಟಾಗಿನಿಂದ ಅದರ ಸದ್ದು ನನ್ನ ಬೆನ್ನ ಹಿಂದೆಯೇ ಇತ್ತು. ಕಂದು ಗಾಜಿನ, ಅಗಲ ಬಾಯಿಯ ಹಳೇ ಮಾತ್ರೆ ಸೀಸೆ. ಒಳಗೆ ಮರಳು. ಮಿತ್ಸುಯೊ ಅದನ್ನು ಮಡಿಲಲ್ಲಿಟ್ಟುಕೊಂಡು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಮಗುಚುತ್ತಿದ್ದರು. ಸರ ಸರ — ಸರ ಸರ. ಸುರಂಗಗಳಲ್ಲಿ ಬಸ್ಸಿನೊಳಗೆ ಕತ್ತಲಾದಾಗ ಆ ಸದ್ದೊಂದೇ ಉಳಿಯುತ್ತಿತ್ತು.

ನನಗೆ ಮರಳೆಂದರೆ ಆಗದು. ಪ್ರತಿ ಪ್ರವಾಸದಲ್ಲೂ ಜನ ಶೂನಲ್ಲಿ, ಪ್ಯಾಂಟಿನ ಮಡಿಕೆಯಲ್ಲಿ, ಟೋಪಿಯಲ್ಲಿ ಅದನ್ನು ತುಂಬಿಕೊಂಡು ಬಂದು ನನ್ನ ಬಸ್ಸಿನಲ್ಲಿ ಸುರಿಯುತ್ತಾರೆ. ಗುಡಿಸುವ ಕೈ ನನ್ನದು. ಆದರೆ ಊರಿನಿಂದಲೇ ಮರಳು ಹೊತ್ತು ತಂದವರನ್ನು ಕಂಡದ್ದು ಇದೇ ಮೊದಲು.

ಅದರ ಕಥೆಯನ್ನು ಮಿತ್ಸುಯೊ ನಮ್ಮ ಗೈಡ್ ಕಿರಿಕೊಗೆ ದಾರಿಯಲ್ಲೇ ಹೇಳಿದ್ದರು. ಮದುವೆಯಾದ ಹೊಸದರಲ್ಲಿ ಗಂಡ ಕೆನ್ಸಾಕು ಈ ದಿಬ್ಬಗಳಿಂದ ಒಂದು ಸೀಸೆ ಮರಳು ತುಂಬಿಕೊಂಡು ಬಂದಿದ್ದರಂತೆ. ಇಲ್ಲಿನ ಮರಳನ್ನು ಒಯ್ಯಬಾರದು ಎಂದು ಕಿರಿಕೊ ಮೈಕಿನಲ್ಲಿ ದಿನವೂ ಹೇಳುತ್ತಾಳೆ. ಆ ಕಾಲದಲ್ಲಿ ಯಾರು ಕೇಳುತ್ತಿದ್ದರು? ಕಳೆದ ಚಳಿಗಾಲ ಕೆನ್ಸಾಕು ತೀರಿಕೊಂಡರು. ಹೋಗುವ ಮುಂಚೆ ಹೆಂಡತಿಯ ಕೈ ಹಿಡಿದು, ಆ ಸೀಸೆಯನ್ನು ದಿಬ್ಬಕ್ಕೆ ಒಯ್ಯು, ಅಲ್ಲೇ ಬಿರಡೆ ತೆಗಿ, ತಮ್ಮನನ್ನೂ ಕರೆದುಕೊಂಡು ಹೋಗು ಎಂದಿದ್ದರಂತೆ. ಆಕೆ ಹೂಂ ಎಂದಿದ್ದರು. ಆ ಹೂಂ ಈಗ ಕಳೆದುಹೋಗಿತ್ತು.

ಕಿರಿಕೊ ಹಳದಿ ಬಾವುಟ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಂದಳು. ಗಿಡ್ಡನೆಯ, ಐವತ್ತು ದಾಟಿದ ಹೆಂಗಸು. ಜೋಗುಳ ಹಾಡುವವಳ ಹಾಗೆ ಮಾತಾಡುತ್ತಾಳೆ. ಕಳೆದುಹೋದ ಕೊಡೆಗಳನ್ನೂ ಅಜ್ಜಂದಿರನ್ನೂ ಆಕೆ ಹುಡುಕಿಕೊಟ್ಟದ್ದನ್ನು ಎಷ್ಟೋ ಸಲ ನೋಡಿದ್ದೇನೆ.

"ಎಲ್ಲಿಟ್ಟಿದ್ರಿ, ಅಮ್ಮ?"

"ಸೀಟಿನ ಮೇಲೆ, ಈ ಚೀಲದೊಳಗೆ. ಊಟ ಸೇರ್ಲಿಲ್ಲ. ಅರ್ಧಕ್ಕೇ ಎದ್ದು ಬಂದೆ. ನೋಡಿದ್ರೆ ಚೀಲ ಮಾತ್ರ ಇದೆ."

"ಸಕಾನೆ ಸಾನ್," ಕಿರಿಕೊ ನನ್ನತ್ತ ತಿರುಗಿದಳು. "ಅದಕ್ಕೆ ಮುಂಚೆ ಯಾರ್ಯಾರಿಗೆ ಬಾಗ್ಲು ತೆಗೆದ್ರಿ?"

"ಮೂರು ಜನಕ್ಕೆ."

"ಮಧ್ಯೆ ನಿದ್ದೆ ಹತ್ತಿತ್ತಾ?"

"ಬೀಗದ ಕೈ ನನ್ನ ಜೇಬಲ್ಲಿತ್ತು. ನಾನು ನಿದ್ದೆ ಮಾಡಿದ್ರೆ ಬಾಗ್ಲೇನು ತಾನಾಗೇ ತೆರ್ಕೊಳ್ಳತ್ತಾ?"

"ಸರಿ, ಸಿಟ್ಟು ಬೇಡ. ಯಾರು?"

ಹೇಳಿದೆ. ಮೂವರೂ ಈ ಪ್ರವಾಸಕ್ಕೆ ಮಿತ್ಸುಯೊ ಜೊತೆಗೇ ಬಂದವರು. ಮಗಳು ಚಿಹಾರು, ಚಳಿ ಎಂದು ಜಾಕೆಟ್ ತೆಗೆದುಕೊಂಡಳು. ಕೆನ್ಸಾಕು ಅವರ ಸ್ನೇಹಿತ ಇವಾಸೆ, ಕ್ಯಾಮೆರಾಕ್ಕೆಂದು ಬಂದರು. ಕೆನ್ಸಾಕು ಅವರ ತಮ್ಮ ತೆರುವೊ, ಹೊಟ್ಟೆಯ ಮಾತ್ರೆಗೆಂದು ಬಂದರು. ತೆರುವೊ ನನಗೆ ಬೆಳಿಗ್ಗೆಯೇ ಹಿಡಿಸಿದ್ದ ಮನುಷ್ಯ. ಅನ್ನದುಂಡೆ ತಿನ್ನುವ ಮುಂಚೆ ಇಸ್ತ್ರಿ ಮಾಡಿದ ಕರವಸ್ತ್ರವನ್ನು ಮಡಿಲ ಮೇಲೆ ಹಾಸಿಕೊಂಡು, ಒಂದಗುಳೂ ಬೀಳಿಸದೆ ತಿಂದು, ಅದನ್ನು ಹಿಂದಿನ ಗೆರೆಗಳಲ್ಲೇ ಮಡಿಸಿ ಜೇಬಿಗಿಟ್ಟಿದ್ದರು. ಎಲ್ಲ ಪ್ರಯಾಣಿಕರೂ ಹೀಗಿದ್ದರೆ ನಾನು ಇನ್ನೂ ಹತ್ತು ವರ್ಷ ಬಸ್ಸು ಓಡಿಸಿಯೇನು.

ಚಿಹಾರು ಮೊದಲು ಬಂದಳು. ಅವಳಿಗೆ ಆಗಲೇ ಮುಖ ಕೆಂಪಾಗಿತ್ತು.

"ನಾನು ತೆಗ್ದಿಲ್ಲ," ಅಂದಳು. "ತೆಗೀಬೇಕು ಅಂತ ಆಸೆ ಇತ್ತು. ಅದು ಬೇರೆ ಮಾತು."

"ಯಾಕೆ ಆಸೆ?"

"ಅಪ್ಪನ ಬಟ್ಟೆ ಬರೆ ಎಲ್ಲಾ ಅಮ್ಮ ಕೊಟ್ಟಾಯ್ತು. ಆ ಸೀಸೆ ನಾನು ಹುಟ್ಟೋಕೆ ಮುಂಚಿಂದ ಟೀವಿ ಪಕ್ಕ ಇದೆ. ಅದನ್ನೂ ತಂದು ಇಲ್ಲಿ ಚೆಲ್ಲೋದಂತೆ. ಆಮೇಲೆ ಮನೇಲಿ ಅಪ್ಪಂದು ಅಂತ ಏನಿರತ್ತೆ?"

ಮಿತ್ಸುಯೊ ಖಾಲಿ ಚೀಲವನ್ನು ಮಡಿಸತೊಡಗಿದರು.

ಇವಾಸೆ ಕುಂಟುತ್ತ ಬಂದರು. "ನಾನೂ ಒಮ್ಮೆ ಆ ಸೀಸೆ ಕೇಳಿದ್ದುಂಟು, ಮುಚ್ಚಿಡೋದೇನು. ಜೀವಮಾನವೆಲ್ಲ ಚದುರಂಗದಲ್ಲಿ ನನ್ನನ್ನ ಸೋಲಿಸಿದಾನೆ ಪುಣ್ಯಾತ್ಮ. ಒಂದು ನೆನಪಿನ ಕಾಣಿಕೆ ಬೇಡ್ವಾ? ಇವರು ಕೊಡಲ್ಲ ಅಂದ್ರು, ಮುಗೀತು. ಕದ್ದು ಓಡೋ ಮೊಣಕಾಲಾ ಇದು, ನೋಡಿ."

"ನೀವು ಬಂದಾಗ ಚೀಲದಲ್ಲಿ ಸೀಸೆ ಇತ್ತಾ?"

"ಚೀಲ ನೋಡ್ದೆ. ಒಳಗೆ ನೋಡ್ಲಿಲ್ಲ."

ಅಷ್ಟರಲ್ಲಿ ಕೈಕಾಲು ತೊಳೆಯುವ ನಲ್ಲಿಗಳ ಕಡೆಯಿಂದ ತೆರುವೊ ಬಂದರು. ಬೆರಳುಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು, ಪ್ಯಾಂಟಿನ ತೊಡೆಗೆ ಒರೆಸಿಕೊಳ್ಳುತ್ತ ಹತ್ತಿರ ಬಂದು, "ಏನಾಯ್ತು ಅತ್ತಿಗೆ? ಊಟ ಮುಗೀತಾ ಇಷ್ಟು ಬೇಗ?" ಎಂದು ಕೇಳಿದರು.

"ಸೀಸೆ ಹೋಯ್ತು ಕಣೋ ತೆರು."

ಅವರು ಬಸ್ಸಿನ ಕಡೆ ನೋಡಿ, "ಬಸ್ಸಲ್ಲೇ ಇರತ್ತೆ. ಹುಡುಕೋಣ," ಅಂದರು.

ಆರೂ ಜನ ಒಳಗೆ ಹುಡುಕಿದೆವು. ನಾನು ಪೊರಕೆ ಹಿಡಿದು ಸೀಟುಗಳ ಕೆಳಗೆಲ್ಲ ಕೈಯಾಡಿಸಿದೆ. ಎರಡು ಕಿತ್ತಳೆ ಸಿಪ್ಪೆ, ಯಾರದೋ ಮಗುವಿನ ಸಾಕ್ಸು. ಆಗ ಹಿಂದಿನ ಸೀಟಿನಲ್ಲಿ ಮಡಿಸಿಟ್ಟ ಕಂಬಳಿ ಎತ್ತಿ ಚಿಹಾರು, "ಇಲ್ಲಿದೆ," ಅಂದಳು.

ಎಲ್ಲರೂ ಅವಳನ್ನೇ ನೋಡಿದರು. ತಾಯಿಯೂ.

"ಬೇಕಿದ್ರೆ ಬಾಯ್ಬಿಟ್ಟು ಕೇಳ್ಬಾರ್ದಿತ್ತಾ?"

"ಅಮ್ಮ, ನಾನಲ್ಲ."

"ಸರಿ," ಅಂದರು ಮಿತ್ಸುಯೊ. ನಂಬದವರು ಹೇಳುವ ಸರಿ ಅದು. ಚಿಹಾರು ಕಿಟಕಿಯ ಕಡೆ ತಿರುಗಿಕೊಂಡಳು. ನನಗೆ ಆ ಹುಡುಗಿಯನ್ನು ನೋಡಿ ಸಂಕಟವಾಯಿತು.

ಮಿತ್ಸುಯೊ ಅಭ್ಯಾಸದಂತೆ ಸೀಸೆಯನ್ನು ಒಮ್ಮೆ ಮಗುಚಿದರು. ಕಿರಿಕೊ ತಲೆ ವಾಲಿಸಿ ನಿಂತಿದ್ದಳು, ದೂರದ ಯಾವುದೋ ಹಾಡು ಕೇಳಿಸಿಕೊಳ್ಳುವವಳ ಹಾಗೆ. ಆಮೇಲೆ ಅಂದಳು:

"ಹೊರಡೋಣ, ದಿಬ್ಬಕ್ಕೆ. ಸಕಾನೆ ಸಾನ್, ನೀವೂ ಬನ್ನಿ."

"ನಾನಾ? ಮರಳಿಗಾ?"

"ಒಂದು ದಿನ ಶೂ ಹಾಳಾದ್ರೆ ಸತ್ತುಹೋಗಲ್ಲ."

ಹೀಗೆ ಎಷ್ಟೋ ವರ್ಷಗಳಿಂದ ಜನರನ್ನು ಇಲ್ಲಿಗೆ ತಂದು ಬಿಡುವ ನಾನು ಮೊದಲ ಸಲ ಆ ದಿಬ್ಬ ಹತ್ತಿದೆ. ಗಾಳಿ ಮರಳಿನ ಮೇಲೆ ಸಣ್ಣ ಸಣ್ಣ ಅಲೆಗಳನ್ನು ಬರೆದಿತ್ತು. ಕಾಲಿಟ್ಟಲ್ಲಿ ಮೇಲಿನ ತೆಳು ಒಣಪದರ ಒಡೆದು ಒಳಗಿನ ಒದ್ದೆ ಕಾಣುತ್ತಿತ್ತು. ತಗ್ಗಿನಲ್ಲಿ ಒಂದು ಕೊಳ, ಮಂಜಿನ ಬಣ್ಣದ್ದೇ. ಬೇಸಿಗೆಯಲ್ಲಿ ಬಂದರೆ ಅದು ಅಲ್ಲಿರುವುದಿಲ್ಲ. ಕೊಳ ದಾಟಿದ ಮೇಲೆ ನಮ್ಮ ಹೆಜ್ಜೆಯ ಸದ್ದೂ ನಮಗೆ ಕೇಳುತ್ತಿರಲಿಲ್ಲ. ಮುಂದೆ ಹೋಗುತ್ತಿದ್ದ ತಾಯಿ ಮಗಳು ಮಂಜಿನೊಳಗೆ ಕರಗಿ, ಮತ್ತೆ ಮೂಡಿ, ಮತ್ತೆ ಕರಗುತ್ತಿದ್ದರು. ಇಬ್ಬರ ನಡುವೆ ನಾಲ್ಕು ಮಾರು ದೂರ. ಮೊಣಕಾಲು ನೋವಿನ ಇವಾಸೆಗೆ ತೆರುವೊ ಭುಜ ಕೊಟ್ಟಿದ್ದರು. ನಾನು ಸಿಡಿಮಿಡಿಗೊಳ್ಳುವುದನ್ನೇ ಮರೆತೆ.

ನೆತ್ತಿ ತಲುಪಿದಾಗ ಕೆಳಗೆ ಇದ್ದಕ್ಕಿದ್ದಂತೆ ಸಮುದ್ರ ಇತ್ತು.

ಮಿತ್ಸುಯೊ ಬಿರಡೆ ತೆಗೆದು ಸೀಸೆ ಬಗ್ಗಿಸಿದರು. ಏನೂ ಬೀಳಲಿಲ್ಲ. ಬುಡಕ್ಕೆ ತಟ್ಟಿದರು. ಮರಳು ಹೆಂಟೆ ಹೆಂಟೆಯಾಗಿ ಉದುರಿ, ಬಿದ್ದ ಹಾಗೇ ಕೂತಿತು.

"ಇದು ನಮ್ಮ ಮರಳಲ್ಲ," ಅಂದರು ಅವರು.

"ಅಲ್ಲ ಅಂದ್ರೆ?" ಇವಾಸೆ ಬಗ್ಗಿ ನೋಡಿದರು. "ಇಲ್ಲಿನ ಬಣ್ಣವೇ ಇದೆಯಲ್ಲ?"

ಆಕೆ ಬಗ್ಗಿ ಒಂದು ಹೆಂಟೆಯನ್ನು ಬೆರಳುಗಳ ನಡುವೆ ಪುಡಿಮಾಡಿದರು.

"ಅಮ್ಮ ಹೇಳಿದ್ದು ಸರಿ," ಅಂದಳು ಕಿರಿಕೊ. "ಬೆಳಿಗ್ಗೆ ಈ ಸೀಸೆ ದಾರಿಯುದ್ದಕ್ಕೂ ಸರ ಸರ ಅಂತಿತ್ತು. ಊಟ ಆದ್ಮೇಲೆ ಮಗುಚಿದಾಗ ಸದ್ದೇ ಇಲ್ಲ. ವರ್ಷಗಟ್ಟಲೆ ಮನೇಲಿದ್ದ ಮರಳು ಒಣಗಿರತ್ತೆ. ಇದು ಒದ್ದೆ. ರಾತ್ರಿ ಮಳೆ ಬಿದ್ದಿದ್ದು ಎಲ್ಲಿ? ಇಲ್ಲಿ. ಯಾರೋ ಹಳೇದನ್ನ ತೆಗೆದು, ಇವತ್ತು ಇಲ್ಲಿಂದಲೇ ತುಂಬಿದಾರೆ. ಅಮ್ಮ ಊಟ ಮುಗಿಸಿ ಬರೋದ್ರೊಳಗೆ ವಾಪಸ್ ಇಡೋ ಯೋಚನೆ ಇತ್ತು. ಇವರು ಬೇಗ ಬಂದ್ಬಿಟ್ರು. ಅದಕ್ಕೇ ಬಟ್ಟೆಯೊಳಗೆ ಬಚ್ಚಿಟ್ಟಿದ್ದನ್ನ ಹುಡುಕೋ ಗದ್ದಲದಲ್ಲಿ ಕಂಬಳಿ ಕೆಳಗೆ ಸೇರಿಸಿದ್ರು."

"ನಾನಲ್ಲ," ಅಂದಳು ಚಿಹಾರು ಮತ್ತೆ. ಈ ಸಲ ದನಿಯಲ್ಲಿ ಜೀವವಿರಲಿಲ್ಲ.

"ಹಳೇ ಮರಳು ಎಲ್ಲಿ?" ನಾನು ಕೇಳಿದೆ.

"ಅದನ್ನೇ ಕೇಳೋಣ. ದಯವಿಟ್ಟು ಎಲ್ರೂ ನಿಮ್ಮ ಕರವಸ್ತ್ರ ತೋರಿಸ್ತೀರಾ?"

ವಿಚಿತ್ರ ಬೇಡಿಕೆ. ಚಿಹಾರು ತನ್ನ ಪುಟ್ಟ ಟವೆಲ್ ತೆಗೆದಳು. ಇವಾಸೆ ಮುದ್ದೆಯಾದದ್ದೊಂದನ್ನು ಎಳೆದರು. ನಾನೂ ತೋರಿಸಿದೆ. ತೆರುವೊ ಅಲುಗಾಡಲಿಲ್ಲ.

"ತೆರುವೊ ಸಾನ್," ಕಿರಿಕೊ ಮೆಲ್ಲಗೆ ಅಂದಳು, "ನಮ್ಮಲ್ಲಿ ಸಣ್ಣ ಮಗು ಕೂಡ ಕರವಸ್ತ್ರ ಇಲ್ದೆ ಮನೆ ಬಿಡಲ್ಲ. ಕೈ ತೊಳೆದ್ಮೇಲೆ ಒರೆಸಿಕೊಳ್ಳೋಕೆ ಬೇರೇನು ಗತಿ? ನಿಮ್ಮದು ಬೆಳಿಗ್ಗೆ ಮಡಿಲ ಮೇಲಿತ್ತು, ನಾನೇ ನೋಡಿದೀನಿ. ನಲ್ಲಿ ಕಡೆಯಿಂದ ಬರ್ತಾ ನೀವು ಒದ್ದೆ ಕೈಯನ್ನ ಪ್ಯಾಂಟಿಗೆ ಒರೆಸಿದ್ರಿ. ಒಂದು ಅಗುಳು ಬೀಳಿಸದ ಮನುಷ್ಯ. ಜೇಬಲ್ಲಿರೋ ಕರವಸ್ತ್ರ ಯಾಕೆ ತೆಗೀಲಿಲ್ಲ? ಅದರಲ್ಲಿ ಏನೋ ಕಟ್ಟಿತ್ತು."

ಗಾಳಿ ಬೀಸಿತು. ತೆರುವೊ ಮರಳಿನ ಮೇಲೆ ಮಂಡಿಯೂರಿ ಕೂತು, ಒಳಜೇಬಿನಿಂದ ಗಂಟು ಹಾಕಿದ ಬಿಳಿ ಕರವಸ್ತ್ರ ತೆಗೆದು ಬಿಚ್ಚಿದರು. ಒಳಗಿದ್ದದ್ದು ಕಪ್ಪು ಬೂದಿ ಬಣ್ಣದ ದಪ್ಪ ಮರಳು. ಈ ದಿಬ್ಬದ್ದಲ್ಲ ಎಂದು ಕುರುಡನೂ ಹೇಳುವಂತಿತ್ತು.

"ಆಗ ಹತ್ತು ವರ್ಷ ನನಗೆ," ಅಂದರು. "ಅಮ್ಮ ಸತ್ತು, ಅಣ್ಣನ ಮನೆಗೆ ಬಂದ ಹೊಸದು. ಚೆಂಡು ತಾಗಿ ಸೀಸೆ ಬಿತ್ತು. ಒಡೀಲಿಲ್ಲ, ಚಾಪೆ ಮೇಲೆಲ್ಲ ಚೆಲ್ಲಿಹೋಯ್ತು. ಮನೆಯಿಂದ ಕಳಿಸ್ಬಿಡ್ತಾರೆ ಅನ್ಕೊಂಡೆ. ಮಳೇಲಿ ನದಿ ದಡಕ್ಕೆ ಓಡಿ ಇದನ್ನ ತುಂಬ್ಕೊಂಡು ಬಂದೆ. ಕಂದು ಗಾಜು, ಬಣ್ಣ ಕಾಣಲ್ಲ."

ಗಾಳಿಗೆ ಮರಳು ಹಾರದಂತೆ ಕರವಸ್ತ್ರದ ಮೂಲೆಗಳನ್ನು ಎತ್ತಿ ಹಿಡಿದರು.

"ಆಮೇಲೆ ಹೇಳೋಕೆ ಆಗ್ಲೇ ಇಲ್ಲ. ಇವತ್ತು ಅಣ್ಣನ ಹೆಸರಲ್ಲಿ ಅತ್ತಿಗೆ ನದಿ ಮರಳು ಸುರಿದ್ರೆ ಅವನ ಕೊನೇ ಮಾತು ಸುಳ್ಳಾಗತ್ತೆ. ಇಲ್ಲಿಯದನ್ನೇ ತುಂಬಿಟ್ರೆ ನಿಜ ಆಗತ್ತಲ್ಲ ಅನ್ಕೊಂಡೆ. ಚಿಹಾರು, ನಿನ್ನ ತಲೆ ಮೇಲೆ ಬರತ್ತೆ ಅಂತ ಗೊತ್ತಿರ್ಲಿಲ್ಲಮ್ಮ. ಈಗ ಹೇಳ್ತೀನಿ, ಇನ್ನೊಂದು ಹೆಜ್ಜೆ ಆದ್ಮೇಲೆ ಹೇಳ್ತೀನಿ ಅಂತ ಹತ್ತುತ್ತಾನೇ ಇದ್ದೆ."

"ಚಿಕ್ಕಪ್ಪ," ಅಂದಳು ಚಿಹಾರು.

ಮಿತ್ಸುಯೊ ತೆರುವೊ ಅವರೆದುರು ಕೂತರು. ಅಳುತ್ತಿದ್ದರು, ನಗುತ್ತಲೂ ಇದ್ದರು.

"ದಡ್ಡ ಕಣೋ ನೀನು. ಆ ಚಾಪೆ ಗುಡಿಸ್ತಿದ್ದೋರು ಯಾರು? ಸಂದಿ ಸಂದೀಲಿ ಹಳದಿ ಮರಳು ಸಿಗ್ತಿತ್ತು, ಮುಂದಿನ ವರ್ಷದ ತನಕ. ಬಾಗ್ಲಲ್ಲಿ ನಿನ್ನ ಶೂ ನೆನೆದು ತೊಪ್ಪೆಯಾಗಿತ್ತು. ಅವತ್ತೇ ನಿಮ್ಮಣ್ಣನಿಗೆ ಹೇಳ್ದೆ."

ತೆರುವೊ ತಲೆ ಎತ್ತಿದರು. "ಅಣ್ಣನಿಗೆ ಗೊತ್ತಿತ್ತಾ?"

"ಬಿದ್ದು ಬಿದ್ದು ನಕ್ಕರು. 'ಸುಮ್ನಿರು, ಅವನಾಗೇ ಹೇಳ್ತಾನೆ' ಅಂದ್ರು. ಕಾದು ಕಾದು ಹೊರಟೇ ಹೋದ್ರು. ಕೊನೇಲಿ ನನ್ನ ಕೈ ಹಿಡ್ಕೊಂಡು, 'ಅವನೆದುರಿಗೆ ದಿಬ್ಬದ ಮೇಲೆ ಸುರಿ, ಬಣ್ಣ ನೋಡಿದ್ರೆ ಹೇಳಿಬಿಡ್ತಾನೆ. ಆ ಹುಡುಗ ಇನ್ನೂ ಅದನ್ನ ಹೊತ್ಕೊಂಡು ತಿರುಗೋದು ಬೇಡ' ಅಂದ್ರು. ನಾನು ಹೂಂ ಅಂದದ್ದು ಮರಳಿಗಲ್ಲ, ತೆರು."

ಆ ಐವತ್ತೈದರ ಗಂಡಸು ಹುಡುಗನ ಹಾಗೆ ಅತ್ತುಬಿಟ್ಟರು. ನಾನೂ ಕಣ್ಣೊರೆಸಿಕೊಂಡೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಮಿತ್ಸುಯೊ ಎದ್ದು ಮಗಳ ಮುಂದೆ ತಲೆಬಾಗಿ, "ನಿನ್ನ ಮಾತು ನಂಬ್ಲಿಲ್ಲ. ನನ್ನ ತಪ್ಪು," ಅಂದರು. ಚಿಹಾರು ಸೀಸೆ ಇಸಿದುಕೊಂಡು ತೆರುವೊ ಮುಂದೆ ಹಿಡಿದಳು. "ತುಂಬಿ ಚಿಕ್ಕಪ್ಪ. ನಾನು ಹುಟ್ಟಿದಾಗಿಂದ ಟೀವಿ ಪಕ್ಕ ಇದ್ದಿದ್ದು ಇದೇ ಮರಳು. ಅದು ಅಲ್ಲೇ ಇರ್ಲಿ." ಕರವಸ್ತ್ರದ ಮೂಲೆಯಿಂದ ಕಪ್ಪು ಮರಳು ಸೀಸೆಯೊಳಗೆ ಇಳಿಯಿತು. ದಿಬ್ಬದ ಹೆಂಟೆಗಳನ್ನು ಗಾಳಿ ಆಗಲೇ ಒಣಗಿಸಿ ಒಯ್ಯತೊಡಗಿತ್ತು.

"ಗೈಡ್ ಸಾನ್, ಇಲ್ಲಿಂದ ಮರಳು ಒಯ್ಯಬಾರದಲ್ವಾ?" ಇವಾಸೆ ಮೂಗು ಒರೆಸಿಕೊಳ್ಳುತ್ತ ಕೇಳಿದರು.

"ಇದು ಹಿಮೇಜಿಯದು," ಅಂದಳು ಕಿರಿಕೊ. "ನಿಯಮ ಮುರಿದಿಲ್ಲ."

ಕೆಳಗಿಳಿದು ಎಲ್ಲರೂ ನಲ್ಲಿಯಲ್ಲಿ ಕೈಕಾಲು ತೊಳೆದೆವು. ತೆರುವೊ ಒದ್ದೆ ಕೈ ಹಿಡಿದುಕೊಂಡು ನಿಂತಿದ್ದರು. ನನ್ನ ಕರವಸ್ತ್ರ ಕೊಟ್ಟೆ.

ವಾಪಸಿನ ದಾರಿಯಲ್ಲಿ ಬಸ್ಸು ಪೂರ್ತಿ ನಿದ್ದೆಹೋಗಿತ್ತು. ಮೊದಲ ಸುರಂಗದ ಕತ್ತಲಲ್ಲಿ ಬೆನ್ನ ಹಿಂದಿನಿಂದ ಆ ಸದ್ದು ಬಂತು. ಸರ ಸರ — ಸರ ಸರ. ಬೆಳಕಿಗೆ ಬಂದ ಮೇಲೆ ಕನ್ನಡಿಯಲ್ಲಿ ನೋಡಿದೆ. ಮಿತ್ಸುಯೊ ಕಿಟಕಿಗೆ ಒರಗಿ ನಿದ್ರಿಸುತ್ತಿದ್ದರು. ಸೀಸೆ ತೆರುವೊ ಅವರ ಕೈಯಲ್ಲಿತ್ತು, ಕೆಳಗೆ ಮಡಿಲಲ್ಲಿ ನನ್ನ ಕರವಸ್ತ್ರ ಹಾಸಿಕೊಂಡಿದ್ದರು.