ಬರೆದಷ್ಟೇ ಮಾಡುವವಳು

"ಬರಿಯೋವಾಗ ಇಲ್ಲಿ ಕರೆಂಟ್ ಹೋಗತೈತಿ ಅನ್ನೂದು ಹೊಳಿಲಿಲ್ಲೇನ್ರಿ?"

ಕಪ್ಪಾದ ಪರದೆಯಿಂದ ಕಣ್ಣು ತೆಗೆಯದೆ ಅನ್ನಪೂರ್ಣ ಕೇಳಿದಳು. ಮಾಂತೇಶ ತಾನು ಬರೆದ ಪುಟಗಳನ್ನು ತಿರುವಿದ.

ಗದಗ ಜಿಲ್ಲೆಯಾದ ಮೇಲೆ ಬೆಟಗೇರಿಯ ಈ ನೇಕಾರರ ಸಂಘಕ್ಕೂ ಕಂಪ್ಯೂಟರ್ ಬಂದಿತ್ತು. ಅದನ್ನು ಬಳಸುವ ಕೈಪಿಡಿ ಬರೆಯಲು ಮಾಂತೇಶನನ್ನು ಹುಬ್ಬಳ್ಳಿಯಿಂದ ಕರೆಸಿದ್ದರು. ಅವನು ಬರೆದ ಪುಟವನ್ನು ಗುಮಾಸ್ತೆ ಅನ್ನಪೂರ್ಣ ಓದಿ, ಅದರಲ್ಲಿದ್ದಷ್ಟನ್ನೇ ಮಾಡಬೇಕು. ಅವನು ಪಕ್ಕದಲ್ಲಿ ಕೂತು ಬಾಯಿ ಬಿಡಬಾರದು. ಅವಳು ತಡವರಿಸಿದರೆ ಆ ಸಾಲು ಕೆಟ್ಟದ್ದು. ಸಾಲು ನೋಡುವ ಬದಲು ಅವಳ ಹುಬ್ಬು ನೋಡುವುದು ಅವನಿಗೆ ಅಭ್ಯಾಸವಾಗಿತ್ತು.

'ಸೇವ್' ಮಾಡುವುದನ್ನು ಅವನು ಕೊನೆಯ ಪುಟಕ್ಕೆ ಇಟ್ಟಿದ್ದ. ಅವನ ಆಫೀಸಿನಲ್ಲಿ ಯುಪಿಎಸ್ ಇತ್ತು, ಇಲ್ಲಿಲ್ಲ. ಬೆಳಗಿನಿಂದ ಅವಳು ತುಂಬಿದ ನೂಲಿನ ಎಂಟ್ರಿಗಳೆಲ್ಲ ಹೋಗಿದ್ದವು.

ಸುದ್ದಿ ತಿಳಿದು ಬಂದ ಸಂಘದ ಕಾರ್ಯದರ್ಶಿ ಲಾಡಸಾಬ ಬಾಗಿಲಲ್ಲೇ ನಿಂತ. "ನಿನ್ನ ಕಡಿಂದ ಆಗಂಗಿಲ್ಲವ್ವಾ. ನಾಳಿಂದ ಗೋದಾಮಿಗೆ ನಡಿ."

ಮನೆಯವರೊಡನೆ ಜಗಳಾಡಿ ಕಂಪ್ಯೂಟರ್ ಕಲಿತವಳು ಅನ್ನಪೂರ್ಣ. ಈಗ ತಲೆ ತಗ್ಗಿಸಿದಳು.

"ಆಕಿ ಸರಿ ಮಾಡ್ಯಾಳ್ರಿ," ಮಾಂತೇಶ ಎದ್ದ. "ನಾ ಬರದದ್ದ ತಪ್ಪು."

"ಹಂಗಾದ್ರ ಆಕಿ ಇಲ್ಲೇ ಇರ್ಲಿ. ನೀವು ಇದನ್ನ ತಿದ್ದಿ ಕೊಟ್ಟು ಹೋಗ್ರಿ. ಲಕ್ಷ್ಮೇಶ್ವರ, ಮುಂಡರಗಿ ಸಂಘಕ್ಕ ಬ್ಯಾರೆಯವರನ್ನ ನೋಡ್ತೀವಿ." ಲಾಡಸಾಬ ಹೊರಟುಹೋದ.

ಇಬ್ಬರಿಗೂ ಸುಸ್ತಾಗಿತ್ತು. ಹೊರಗೆ ಕೈಮಗ್ಗಗಳು ಬಡಿದುಕೊಳ್ಳುತ್ತಲೇ ಇದ್ದವು.

"ಸುಮ್ನ ಇದ್ದಿದ್ರ ನಿಮಗ ಆ ಸಂಘಗಳ ವರ್ಷದ ಕೆಲಸಾ ಸಿಗತಿತ್ತು," ಎಂದಳು.

"ಗೊತ್ತು."

"ಮತ್ಯಾಕ ಹೇಳಿದ್ರಿ?"

"ತಪ್ಪು ನಂದ ಇತ್ತಲ್ಲ."

"ಅಷ್ಟನಾ?" ಅವಳು ಈಗ ತಿರುಗಿ ನೋಡಿದಳು. ನಿದ್ದೆಗೆಟ್ಟ ಕಣ್ಣುಗಳು, ಅಂಚಿನಲ್ಲಿ ಮಾತ್ರ ತುಂಟತನ.

"ಅಷ್ಟ ಅಲ್ಲ."

"ನಾ ಬರದಷ್ಟ ಮಾಡಾಕಿ, ಹೇಳಿದಷ್ಟ ತಿಳಕೊಳ್ಳಾಕಿ. ಅರ್ಧಾ ಹೇಳಿ ಕುಂತ್ರ ನನಗ ತಿಳಿಯಂಗಿಲ್ಲ."

ಅವನು ಕುತ್ತಿಗೆ ಒತ್ತಿಕೊಂಡ. ಹುಬ್ಬಳ್ಳಿಯ ಬಸ್ಸಿನಲ್ಲಿ ಎಷ್ಟೋ ಸಲ ತಿದ್ದಿಕೊಂಡ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

"ನಿಮ್ಮನ್ನ ಮದಿವಿ ಆಗಬೇಕಂತ ಮಾಡೀನ್ರಿ. ನಿಮಗ ಮನಸ್ಸಿದ್ರ."

ಅವಳಿಗೆ ನಗೆ ತಡೆಯಲಾಗಲಿಲ್ಲ.

"ಖರೇನ, ಕೆಲಸಾ ಹೋದ ದಿನಾನ ಕೇಳಬೇಕಿತ್ತೇನ್ರಿ?"

"ಹೂಂ. ಈಗ ನನ್ನ ಹತ್ರ ಕೆಲಸಾ ಇಲ್ಲ. ನಾಳೆ ಬಂದು ಕೇಳ್ಲೇನು?"

"ಬ್ಯಾಡ." ಅನ್ನಪೂರ್ಣ ತನ್ನ ಖುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು. "ನಂದು ಕೆಲಸಾ ಐತಲ್ಲ."