ಹೆಸರು ಹೇಳದ ಸೊಸೆ

“ನಪಾಸಾ?... ಅಂದ್ರೆ ಇಷ್ಟು ವರ್ಷ ಓದಿದ್ದೆಲ್ಲಾ ಹೊಳೆಗೆ ಹೋಯ್ತೇನು!”

ಹೂವಮ್ಮನವರು ಕೈಯಲ್ಲಿದ್ದ ಮೊರವನ್ನು ಕುಕ್ಕಿದ ರಭಸಕ್ಕೆ ಕೇರುತ್ತಿದ್ದ ತೊಗರಿಬೇಳೆ ಅರ್ಧ ಪಡಸಾಲೆಯ ಪಾಲಾಯಿತು. ಮೈಸೂರಿನಿಂದ ರೈಲು, ಶಿವಮೊಗ್ಗೆಯಿಂದ ಬಸ್ಸು ಎಂದು ಬಂದು ಇಳಿದಿದ್ದ ಸೊಸೆ ವನಜಮ್ಮ ಇನ್ನೂ ಹೊಸಿಲು ದಾಟಿರಲಿಲ್ಲ. ಟ್ರಂಕು ಹಿಡಿದಿದ್ದ ಅವಳ ಗಂಡ ಗುರುಮಲ್ಲಪ್ಪ ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಕೊನೆಗೆ ಟ್ರಂಕನ್ನೇ ನೋಡುತ್ತಾ ನಿಂತ. ಶಿಕಾರಿಪುರದ ಮಿಡ್ಲ್ ಸ್ಕೂಲಿನ ಮೇಷ್ಟ್ರು ಆತ. ತರಗತಿಯನ್ನು ಒಂದೇ ಗದರಿಕೆಗೆ ಸುಮ್ಮನಾಗಿಸುವ ಗಂಡು, ಅವ್ವನೆದುರು ಮಾತ್ರ ಬಾಯಿ ಹೊಲಿದುಕೊಂಡು ನಿಲ್ಲುತ್ತಿದ್ದ.

“ಒಂದೇ ವಿಷಯ ಹೋಗಿದ್ದು ಅತ್ತೆ. ಆರು ತಿಂಗಳು ಬಿಟ್ಟು ಮತ್ತೆ ಕೂರಬಹುದು...”

“ಆ ಒಂದು ಇಲ್ದೆ ಡಾಕ್ಟರಿ ಸನ್ನದು ಕೊಡ್ತಾರೇನು?”

“ಇಲ್ಲ ಅತ್ತೆ.”

“ಮತ್ತೆ! ಸೊಸೆ ಡಾಕ್ಟ್ರಾಗಿ ಬರ್ತಾಳೆ ಅಂತ ಊರೆಲ್ಲಾ ಸಾರ್ಕೊಂಡು ತಿರುಗಿದ್ದು ನಿಮ್ಮ ಮಾವ. ನಾಳೆ ಸಂತೆಯಾಗೆ ಮುಖ ತೋರ್ಸೋಳು ನಾನು!”

ಎತ್ತಿನ ಕೊರಳಹಗ್ಗ ಹೊಸೆಯುತ್ತಾ ಕಂಬಕ್ಕೊರಗಿ ಕುಳಿತಿದ್ದ ಮಾವ ಚೌಡಪ್ಪನವರು ತಲೆಯೆತ್ತಿ, “ಇರಲಿ ಬಿಡೇ. ಇನ್ನೊಂದು ಸಲ ಕೂರ್ಲಿ. ಕೂಸು ಬಂದೈತೆ, ಮೊದ್ಲು ಕಾಲಿಗೆ ನೀರು ಕೊಡು” ಎಂದರು. ಹೂವಮ್ಮನವರು ನೀರು ಕೊಟ್ಟರು. ಕೊಟ್ಟು, “ಇದೊಂದು ಸಲ! ಆಮೇಲೆ ಪುಸ್ತಕ ಅಟ್ಟಕ್ಕೆ, ನೀನು ಒಲೆ ಮುಂದಕ್ಕೆ” ಎಂದರು. ಆ ಮನೆಯಲ್ಲಿ ಅವರ ಮಾತು ಒಮ್ಮೆ ಬಿತ್ತೆಂದರೆ ಬಿತ್ತು, ಮತ್ತೆ ಅದನ್ನು ಎತ್ತುವವರಿರಲಿಲ್ಲ.

ವನಜಮ್ಮ ಸೊರಬದ ಕಡೆ ಗುಡವಿಯ ಆನಂದಪ್ಪ ಮೇಷ್ಟ್ರ ಮಗಳು. ಅತ್ತೆಯನ್ನು ಅವಳು ದ್ವೇಷಿಸಿದವಳಲ್ಲ. ಮದುವೆಯಾದ ಮೇಲೂ ಸೊಸೆಯನ್ನು ಮೈಸೂರಿಗೆ ಓದಲು ಕಳಿಸಿದ ಮನೆ ಆ ಸೀಮೆಯಲ್ಲೇ ಇನ್ನೊಂದಿರಲಿಲ್ಲ. ಹೂವಮ್ಮನವರು ಅದಕ್ಕೆ ಒಪ್ಪಿದ್ದು ಒಂದೇ ಒಂದು ಮಾತಿನ ಮೇಲೆ. “ಹೆಣ ಕೊಯ್ಯಿ, ಗಂಡಸ್ರ ನಾಡಿ ಹಿಡಿ, ನಾನು ಕೇಳಲ್ಲ. ಆದ್ರೆ ಗಂಡನ ಹೆಸರು ಮಾತ್ರ ಬಾಯಲ್ಲಿ ಬರಬಾರ್ದು. ಹೇಳಿದ್ರೆ ಅವನ ಆಯುಸ್ಸು ಕಮ್ಮಿಯಾಗ್ತದೆ. ನನಗಿರೋನು ಒಬ್ಬನೇ ಮಗ.” ತಮ್ಮ ಮದುವೆಯಲ್ಲಿ ಗಂಡನ ಹೆಸರು ಹೇಳಿಸುವ ಶಾಸ್ತ್ರದಲ್ಲೂ ತುಟಿ ಬಿಚ್ಚದೆ ಗೆದ್ದವರು ಹೂವಮ್ಮನವರು. ಸೊಸೆ ಅಂಗೈ ಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದಳು. ಮೊದಮೊದಲು ಅದು ಮಾತು, ಆಮೇಲೆ ಅಭ್ಯಾಸ, ಬರುಬರುತ್ತಾ ನಾಲಗೆಗೇ ಆ ದಾರಿ ಮರೆತುಹೋಯಿತು. “ರೀ” ಎಂದರೆ ಗಂಡ ತಿರುಗುತ್ತಿದ್ದ, ಅಷ್ಟರಲ್ಲಿ ಸಂಸಾರ ನಡೆಯುತ್ತಿತ್ತು.

ಪರೀಕ್ಷೆಯ ದಿನ ಆದದ್ದೇನೆಂದು ಅವಳು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳುವುದಾದರೂ ಹೇಗೆ! ಕೊನೆಯ ವರ್ಷದ ಆ ಪರೀಕ್ಷೆಯಲ್ಲಿ ಒಬ್ಬೊಬ್ಬರಿಗೆ ಒಬ್ಬೊಬ್ಬ ರೋಗಿಯನ್ನು ಒಪ್ಪಿಸುತ್ತಾರೆ. ಮಾತಾಡಿಸಿ, ಮೈ ನೋಡಿ, ಎದೆ ಕೇಳಿ, ಕಾಯಿಲೆ ಏನೆಂದು ಪರೀಕ್ಷಕರ ಮುಂದೆ ಒಪ್ಪಿಸಬೇಕು. ಅವಳ ಪಾಲಿಗೆ ಬಂದವನು ನಂಜನಗೂಡಿನ ಕಡೆಯ ರೈತ, ಮೆಟ್ಟಿಲು ಹತ್ತಿದರೆ ಏದುಸಿರು. ಸ್ಟೆತಾಸ್ಕೋಪು ಇಟ್ಟ ಕೂಡಲೇ ಅವಳಿಗೆ ತಿಳಿಯಿತು, ಹೃದಯದ ಎಡಗಡೆಯ ಕವಾಟ ಕಿರಿದಾಗಿದೆ. ಇಷ್ಟು ಸಲೀಸಾದ ರೋಗಿ ಸಿಕ್ಕಿದ್ದೇ ಪುಣ್ಯವೆಂದುಕೊಂಡು, ಕೊನೆಗೆ ಹೆಸರು ಕೇಳಿದಳು.

“ಗುರುಮಲ್ಲಪ್ಪ ಕಣವ್ವ” ಎಂದ ಅವನು.

ಬರೆಯುವುದಕ್ಕೇನೂ ಅಡ್ಡಿಯಿರಲಿಲ್ಲ, ಬರೆದುಕೊಂಡಳು. ಆದರೆ ಹೊರಗಿನಿಂದ ಬಂದಿದ್ದ ಪರೀಕ್ಷಕರು ಹಾಳೆಯನ್ನು ಅವಳ ಕೈಯಿಂದ ತೆಗೆದುಕೊಂಡು, “ನೋಡದೆ ಹೇಳಿ. ರೋಗಿಯ ಹೆಸರು?” ಎಂದರು. ವನಜಮ್ಮ ವಯಸ್ಸು ಹೇಳಿದಳು, ಊರು ಹೇಳಿದಳು, ಕಸುಬು ಹೇಳಿದಳು. “ಹೆಸರು?” ಮತ್ತೆ ಊರನ್ನೇ ಹೇಳಿದಳು. ಮನೆಯಲ್ಲಿ ಜ್ವರದಲ್ಲಿ ಮಲಗಿದ ಗಂಡ, ದೀಪ ಹಿಡಿದು ಕೂತ ಅತ್ತೆ, ಇಲ್ಲದ್ದೆಲ್ಲಾ ಕಣ್ಣಿಗೆ ಕಟ್ಟಿತು! “ಪಕ್ಕದಲ್ಲೇ ಕೂತು ಇಷ್ಟು ಹೊತ್ತು ಮಾತಾಡಿಸಿದ ಮನುಷ್ಯನ ಹೆಸರು ಗೊತ್ತಿಲ್ಲವೇ? ಹೆಸರು ತಿಳಿಯದ ವೈದ್ಯರು ಒಬ್ಬರ ಔಷಧ ಇನ್ನೊಬ್ಬರಿಗೆ ಕೊಡುತ್ತಾರೆ” ಎಂದರು ಅವರು. ಕೂಗಾಡಲಿಲ್ಲ, ಬೇಸರದಿಂದ ಅಂದರು, ಅದೇ ಹೆಚ್ಚು ನೋಯಿಸಿತು. ಆಮೇಲೆ ಕೇಳಿದ್ದಕ್ಕೆಲ್ಲಾ ಅವಳು ಏನೇನೋ ಹೇಳಿದಳು. ಎಡಗಡೆಯ ಕವಾಟವನ್ನು ಬಲಗಡೆಯದೆಂದಳು. ಹೊರಗೆ ಬಂದು ಮರದ ಕೆಳಗೆ ಕೂತು ಅತ್ತಾಗ ಪಕ್ಕದಲ್ಲಿದ್ದವಳು ಗೆಳತಿ ಮೂಕಾಂಬಿಕಾ ಒಬ್ಬಳೇ.

ಈ ಕತೆ ಮನೆಯಲ್ಲಿ ಹೇಳಿದರೆ ತಪ್ಪೆಲ್ಲಾ ಅತ್ತೆಯ ತಲೆಗೆ ಬರುತ್ತದೆ, ತಾಯಿ ಮಗನಿಗೆ ಮಾತು ಬೆಳೆಯುತ್ತದೆ. ಬೇಡ... ನಾನು ದಡ್ಡಿ ಅನ್ನಿಸಿಕೊಂಡರೇನಂತೆ! ಹಾಗೆಂದು ಅವಳು ಬಾಯಿ ಕಟ್ಟಿಕೊಂಡಳು. ಬೆಳಗ್ಗೆ ರೊಟ್ಟಿ ತಟ್ಟಿ, ಕೊಟ್ಟಿಗೆ ಬಳಿದು, ಮಧ್ಯಾಹ್ನ ಪುಸ್ತಕ ಹಿಡಿಯುತ್ತಿದ್ದಳು. ಹಿತ್ತಲ ಬಾಗಿಲಿಗೆ ಕೇರಿಯ ಹೆಂಗಸರು ಬರುತ್ತಿದ್ದರು. ಗಂಡಸು ಡಾಕ್ಟರ ಮುಂದೆ ಹೇಳಲಾಗದ ನೋವು ಒಬ್ಬೊಬ್ಬರಿಗೆ ಒಂದೊಂದು. ಅರ್ಧ ಹೇಳಿ, ಸೆರಗು ಸರಿಮಾಡಿಕೊಂಡು, “ಇರಲಿ ಬಿಡವ್ವ, ನೀನು ಪಾಸಾಗಿ ಬಾ, ಆಗ ತೋರ್ಸ್ತೀನಿ” ಎಂದು ಎದ್ದುಹೋಗುತ್ತಿದ್ದರು. ಅವರು ಹೋದ ಮೇಲೆ ವನಜಮ್ಮನಿಗೆ ಪುಸ್ತಕದ ಅಕ್ಷರ ಕಾಣದಂತೆ ಕಣ್ಣು ತುಂಬುತ್ತಿತ್ತು.

ಪರೀಕ್ಷೆ ಹತ್ತಿರ ಬಂದಾಗ ಮೂಕಾಂಬಿಕಾ ಬಂದಳು. ಸೊರಬದ ವಕೀಲರ ಮಗಳು, ಮೊದಲ ಸಲವೇ ಪಾಸಾದವಳು, ಬಾಯಿಗೆ ಬೀಗವಿಲ್ಲದ ಹುಡುಗಿ. ಗೆಳತಿಗೆ ಪಾಠ ಒಪ್ಪಿಸಿಕೊಳ್ಳಲೆಂದೇ ರಜೆ ಹಾಕಿ ಬಂದಿದ್ದಳು. ಅಡಿಗೆಮನೆಯಲ್ಲಿ ಹೂವಮ್ಮನವರು, “ನೀನು ಜಾಣೆ ಕಣವ್ವ. ನಮ್ಮನೇದು ನೋಡು, ಇಷ್ಟು ಓದಿದ್ರೂ ಒಂದರಾಗೆ ಸೋತು ಬಂತು” ಎಂದದ್ದೇ ತಡ,

“ಅಯ್ಯೋ, ಏನಂತ ಹೇಳ್ತೀರಮ್ಮ! ನಮ್ಮ ಕ್ಲಾಸಿಗೇ ಇವಳು ಮೊದಲು. ರೋಗಿ ಹೆಸರು ಗುರುಮಲ್ಲಪ್ಪ ಅಂತ ಬಂದುಬಿಡ್ತು, ಗಂಡನ ಹೆಸರು ಹೇಳಲ್ಲ ಅಂತ ಮೂಕಿ ಹಂಗೆ ನಿಂತಳು. ನಿಮಗೆ ಗೊತ್ತೇ ಇಲ್ವಾ?”

ವನಜಮ್ಮ ಕಣ್ಣು ಮಿಟುಕಿಸಿ ತಡೆಯುವಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು. ಹೂವಮ್ಮನವರ ಕೈಯಲ್ಲಿದ್ದ ರೊಟ್ಟಿ ಹಂಚಿನ ಮೇಲೆ ಕರಿಯಾಗುತ್ತಿತ್ತು.

“ಹೌದೇನೇ?”

ವನಜಮ್ಮ ತಲೆ ತಗ್ಗಿಸಿ ಹಿಟ್ಟು ನಾದತೊಡಗಿದಳು.

“ಬಾಯಿ ಬಿಡು! ಹೌದೇನು?”

“ನಿಮಗೆ ಮಾತು ಕೊಟ್ಟಿದ್ದೆ ಅತ್ತೆ...”

ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ ಗುರುಮಲ್ಲಪ್ಪ ಒಳಗೆ ಬಂದ. ಹುಟ್ಟಿದಾಗಿನಿಂದ ತಾಯಿಗೆ ಎದುರಾಡದವನು, ಅಂದೂ ದನಿ ಏರಿಸಲಿಲ್ಲ. “ಅವ್ವ, ನನ್ನ ಆಯುಸ್ಸು ಇವಳ ನಾಲಗೆ ಮೇಲಿಲ್ಲ. ಯಾಕವ್ವ ಅಂಥಾ ಮಾತು ತಗೊಂಡೆ?”

“ಸುಮ್ನೆ ತಗೊಂಡೆ ಅನ್ಕಂಡ್ಯಾ?” ಹೂವಮ್ಮನವರು ಮಗನ ಕಡೆ ತಿರುಗಿದರು. “ಉಡುತಡಿಯಾಗೆ ನಮ್ಮಕ್ಕ ಇದಾಳಲ್ಲ... ಹೊಸ ಮದುವಣಗಿತ್ತಿ, ಇನ್ನೂ ಹುಡುಗಿ. ಗಂಡ ಬುತ್ತಿ ಮರೆತು ಹೊಲಕ್ಕೆ ಹೋಗ್ತಿದ್ದ. ಕೆರೆ ಏರಿ ಮ್ಯಾಲೆ ಓಡಿಹೋಗಿ ಹೆಸರು ಹಿಡಿದು ಕೂಗಿಬಿಟ್ಳು. ಊರೇ ಕೇಳಿತ್ತು. ಅದೇ ವರ್ಷ ಪ್ಲೇಗು ಬಂತು, ಅವನು ಹೋದ. ನಿಮ್ಮಪ್ಪನ್ನ ಮದುವೆಯಾದ ಮ್ಯಾಲೆ ನಾನು ಅವಳ ಮನೆ ಹೊಸಿಲು ತುಳಿದಿಲ್ಲ. ನಿನ್ನ ಮದುವೆಗೂ ಕರೀಲಿಲ್ಲ. ಗಂಡನ್ನ ನುಂಗಿದ ಬಾಯಿ ಅಂತ...” ಮುಂದೆ ಹೇಳಲಾಗದೆ ಸೆರಗಿನಲ್ಲಿ ಮೂಗು ಒರೆಸಿಕೊಂಡು, ಕರಿ ರೊಟ್ಟಿಯನ್ನು ತೆಗೆದು ಒಲೆಗೇ ಹಾಕಿದರು.

ಮರುದಿನ ಮಧ್ಯಾಹ್ನ ಪಡಸಾಲೆಯಲ್ಲಿ ಮೂಕಾಂಬಿಕಾ ಪರೀಕ್ಷೆ ನಡೆಸಿದಳು. ಗುರುಮಲ್ಲಪ್ಪನನ್ನೇ ಮಂಚದ ಮೇಲೆ ಮಲಗಿಸಿ, ತಾನು ಅವನ ಕನ್ನಡಕ ಏರಿಸಿಕೊಂಡು ಕುರ್ಚಿ ಹಿಡಿದಳು. ವನಜಮ್ಮ ಮೊದಲು ನಕ್ಕಳು. ಆಮೇಲೆ ನಾಡಿ ಹಿಡಿದಳು, ಎದೆ ಕೇಳಿದಳು, ಎಲ್ಲವನ್ನೂ ಓರಣವಾಗಿ ಒಪ್ಪಿಸಿದಳು.

“ರೋಗಿಯ ಹೆಸರು?”

ವನಜಮ್ಮ ಸ್ಟೆತಾಸ್ಕೋಪನ್ನು ಮಡಚತೊಡಗಿದಳು.

“ಹೇಳೇ ಮಾರಾಯ್ತಿ! ರೋಗಿಯೇ ಅಪ್ಪಣೆ ಕೊಟ್ಟಿದಾರೆ.”

“ಹೇಳು ವನಜಾ, ನನಗೇನೂ ಆಗಲ್ಲ” ಎಂದ ಗುರುಮಲ್ಲಪ್ಪ ಮಲಗಿದಲ್ಲಿಂದಲೇ.

ಅವಳು ಬಾಯಿ ತೆರೆದಳು. ತುಟಿ ಅಲುಗಿತು, ದನಿ ಬರಲಿಲ್ಲ. ಮತ್ತೆ ಪ್ರಯತ್ನಿಸಿದಳು. ಕಣ್ಣಿಂದ ದಳದಳ ನೀರಿಳಿಯಿತೇ ಹೊರತು ಹೆಸರು ಇಳಿಯಲಿಲ್ಲ. “ಆಗಲ್ಲ ಕಣೇ... ಆಗಲ್ಲ! ಇವರಿಗೆ ಏನಾದ್ರೂ ಆದ್ರೆ ಅನ್ನಿಸ್ತದೆ. ನಾನು ಪರೀಕ್ಷೆಗೇ ಹೋಗಲ್ಲ” ಎಂದು ಮಂಚದ ಕಾಲಿಗೆ ತಲೆಯಿಟ್ಟುಬಿಟ್ಟಳು.

ಅಡಿಗೆಮನೆಯ ಬಾಗಿಲಲ್ಲಿ ಹೂವಮ್ಮನವರು ಯಾವಾಗ ಬಂದು ನಿಂತಿದ್ದರೋ! ಸೊಸೆ ಅಳುವುದನ್ನು ಒಂದಿಷ್ಟು ಹೊತ್ತು ನೋಡಿದರು. ಆಮೇಲೆ ಪಡಸಾಲೆ ದಾಟಿ ಹಿತ್ತಲ ಬಾಗಿಲಿಗೆ ಹೋದರು. ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅವರ ಬೆನ್ನು ಮಾತ್ರ ವನಜಮ್ಮನಿಗೆ ಕಾಣುತ್ತಿತ್ತು. ಕುಪ್ಪಸ ಬೆವರಿಗೆ ಅಂಟಿಕೊಂಡಿತ್ತು.

“ಚೌಡಪ್ಪ” ಎಂದರು. ಪಿಸುಮಾತಿಗಿಂತ ಸ್ವಲ್ಪ ಮೇಲೆ.

ಆಮೇಲೆ ಎದೆ ತುಂಬಾ ಗಾಳಿ ಎಳೆದುಕೊಂಡು, ಹೊಲದಲ್ಲಿದ್ದವರನ್ನು ಊಟಕ್ಕೆ ಕರೆಯುವ ದನಿಯಲ್ಲಿ ಕೂಗಿದರು.

“ಚೌಡಪ್ಪಾ!”

“ಓ...! ಯಾರ್ರೀ ಅದು?”

ಕೊಟ್ಟಿಗೆಯ ಕಡೆಯಿಂದ ಚೌಡಪ್ಪನವರು ಬಂದರು, ಕಂಕುಳಲ್ಲಿ ಹಸಿಹುಲ್ಲಿನ ಹೊರೆ. ಬೀದಿಯ ಕಡೆ ನೋಡಿದರು, ಬೇಲಿಯಾಚೆ ನೋಡಿದರು. “ಯಾರು ಕರೆದಿದ್ದು?”

“ನಾನೇ.”

ಹುಲ್ಲಿನ ಹೊರೆ ಜಾರಿ ಕೆಳಗೆ ಬಿತ್ತು. ಮುದುಕರು ಹೆಂಡತಿಯನ್ನೇ ನೋಡುತ್ತಾ ನಿಂತರು. “ಇನ್ನೊಂದ್ಸಲ ಕರಿಯೇ” ಎಂದರು ಮೆಲ್ಲಗೆ. ಹೂವಮ್ಮನವರು ಕರೆಯಲಿಲ್ಲ. ಒಳಗೆ ತಿರುಗಿ, ಬಿಳಿಚಿಹೋದ ಮುಖದಲ್ಲಿ, “ನೋಡಿದ್ಯಲ್ಲ ವನಜಾ? ನಾನು ಹೇಳಿದೀನಿ. ಏನಾದ್ರೂ ಆಗೋದಾದ್ರೆ ಮೊದ್ಲು ನನಗಾಗ್ಲಿ. ನೀನು ಹೋಗಿ ಧೈರ್ಯವಾಗಿ ಹೇಳು” ಎಂದರು.

ವನಜಮ್ಮ ಎದ್ದು ಹೋಗಿ ಅತ್ತೆಯ ಕಾಲು ಹಿಡಿದಳು. ಆ ಸಂಜೆ ಮೂಕಾಂಬಿಕಾ ಕೇಳಿದಾಗ ಗಂಡನ ಹೆಸರನ್ನು ಕಣ್ಣುಮುಚ್ಚಿ ಒಂದು ಸಲ ಹೇಳಿದಳು. ಗುರುಮಲ್ಲಪ್ಪನ ಕಿವಿ ಕೆಂಪಾಯಿತು, ಅಷ್ಟೇ ಆದದ್ದು.

ಮೈಸೂರಿನಲ್ಲಿ ಈ ಸಲ ಅವಳ ಪಾಲಿಗೆ ಬಂದದ್ದು ಸಾಕಮ್ಮ ಎಂಬ ಅಜ್ಜಿ! ಹೆಸರು ನೀರು ಕುಡಿದಷ್ಟು ಸುಲಭವಾಗಿ ಬಂತು, ಉಳಿದದ್ದೂ ಬಂತು. ಪಾಸಾದಳು. ಹೌಸ್ ಸರ್ಜನ್ ಕೆಲಸದ ವರ್ಷವೂ ಮುಗಿದು ಕೈಗೆ ಸನ್ನದು ಬಂತು, ಸೊರಬದ ಆಸ್ಪತ್ರೆಗೆ ನೇಮಕವೂ ಆಯಿತು. ಎಲ್ಲರೂ ಹಿಗ್ಗಿದರು. ಆದರೆ ರಜೆಗೆ ಬಂದಾಗೆಲ್ಲಾ ವನಜಮ್ಮ ಒಂದನ್ನು ಗಮನಿಸುತ್ತಿದ್ದಳು. ಮಾವ ಕೆಮ್ಮಿದರೆ ಅತ್ತೆಯ ಕೈ ನಿಲ್ಲುತ್ತಿತ್ತು. ಮಾವ ಹೊಲದಿಂದ ಬರುವುದು ತಡವಾದರೆ ಅತ್ತೆ ನಾಲ್ಕು ಸಲ ಬೀದಿಗೆ ಹೋಗಿ ಬರುತ್ತಿದ್ದರು. ತಾನು ಪಾಸಾದ ಸಂತೋಷಕ್ಕೆ ಆ ಜೀವ ದಿನದಿನವೂ ಭಯಪಡುತ್ತಿದೆಯಲ್ಲಾ ಎಂದು ಅವಳು ಮರುಗುತ್ತಿದ್ದಳು.

ಸೊರಬದಲ್ಲಿ ಅವಳು ಕೆಲಸಕ್ಕೆ ಕೂತ ಮೊದಲ ದಿನ, ಬೆಳಗಿನ ಬಸ್ಸಿಗೇ ಹೂವಮ್ಮನವರು ಬಂದಿಳಿದರು, ಜೊತೆಗೆ ಗೊಣಗುತ್ತಾ ಚೌಡಪ್ಪನವರು. “ನನಗೇನಾಗೈತೆ ಅಂತ ಎಳ್ಕೊಂಡು ಬಂದ್ಳೋ, ಕೇಳವ್ವ!” ಹೂವಮ್ಮನವರು ಅದಕ್ಕೆ ಉತ್ತರ ಕೊಡದೆ, “ಇವ್ರ ಎದೆ ನೋಡು ವನಜಾ. ಸರಿಯಾಗಿ ನೋಡು” ಎಂದರು.

ವನಜಮ್ಮ ಮಾವನ ಅಂಗಿ ಸರಿಸಿ ಸ್ಟೆತಾಸ್ಕೋಪು ಇಟ್ಟಳು. ಎದೆ, ಬೆನ್ನು, ನಾಡಿ, ಒಂದನ್ನೂ ಬಿಡದೆ ನೋಡಿದಳು. ಹೂವಮ್ಮನವರು ಗಂಡನ ಕಡೆ ನೋಡಲೇ ಇಲ್ಲ, ಸೊಸೆಯ ಮುಖವನ್ನೇ ನೋಡುತ್ತಿದ್ದರು.

“ಏನೂ ಇಲ್ಲ ಅತ್ತೆ. ಗಟ್ಟಿಯಾಗಿದಾರೆ.”

“ನನ್ನ ಸಮಾಧಾನಕ್ಕೆ ಹೇಳ್ಬೇಡ.”

“ಡಾಕ್ಟ್ರಾಗಿ ಹೇಳ್ತಿದೀನಿ ಅತ್ತೆ. ನೀವು ಕರೆದಿದ್ರಿಂದ ಮಾವನಿಗೆ ಏನೂ ಆಗಿಲ್ಲ.”

ಹೂವಮ್ಮನವರು ಬೆಂಚಿನ ಮೇಲೆ ಕೂತರು. ನಗುತ್ತಾರೆಂದುಕೊಂಡಳು ವನಜಮ್ಮ. ಅವರ ಮುಖ ಮೆಲ್ಲಗೆ ಮುದುಡಿತು.

“ಹಂಗಾದ್ರೆ... ನಮ್ಮಕ್ಕ ಏನೂ ಮಾಡಿರ್ಲಿಲ್ಲ, ಅಲ್ವೇನೇ?”

ವನಜಮ್ಮ ಇಲ್ಲವೆಂದು ತಲೆಯಾಡಿಸಿದಳು. ಹೂವಮ್ಮನವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಸಾಲಿನಲ್ಲಿ ನಿಂತಿದ್ದ ಹೆಂಗಸರೆಲ್ಲಾ ನೋಡುತ್ತಿದ್ದರು, ಅದರ ಪರಿವೆಯೇ ಅವರಿಗಿರಲಿಲ್ಲ. ಚೌಡಪ್ಪನವರು ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ಬಿಟ್ಟು ಹೆಂಡತಿಯ ಪಕ್ಕ ಬಂದು ಕೂತರು.

ಅತ್ತು ಮುಗಿದ ಮೇಲೆ ಹೂವಮ್ಮನವರು ಕಣ್ಣೊರೆಸಿಕೊಂಡು ಎದ್ದರು.

“ಏಳ್ರಿ, ಶಿರಾಳಕೊಪ್ಪದ ಬಸ್ಸು ತಪ್ಪೀತು. ಅಲ್ಲಿ ಇಳಿದು ಉಡುತಡಿಗೆ ಹೋಗಾಣ. ಅಕ್ಕ ಇನ್ನೂ ಇದಾಳೆ.”