ನೂರಾ ಮೂವತ್ತೇಳು ಜಿಬಿಯ ಆಚೆ

ರೋಣದಿಂದ ನನ್ನ ಬೆನ್ನು ಹತ್ತಿದ್ದ ಜೀಪು ಗೇಟಿಗೆ ಗುದ್ದಿ ನಿಂತಿತು!

ನಾನು ಒಳಕೋಣೆಯಲ್ಲಿದ್ದೆ. ತೊಡೆಯ ಮೇಲೆ ಲ್ಯಾಪ್‌ಟಾಪ್. ನಲವತ್ತೆರಡು ಪರ್ಸೆಂಟ್...

ಇದು ನರಗುಂದದ ಲಾರಿ ತೂಗುವ ಕಾಟಾ. ಇಲ್ಲಿನ ಮುದಿ ಕಂಪ್ಯೂಟರು ಪ್ರತಿ ಲಾರಿಯನ್ನೂ ಡ್ರೈವರನ ಮುಖ ಸಮೇತ ವಿಡಿಯೋ ಮಾಡುತ್ತದೆ. ಮೂರು ತಿಂಗಳ ಹಿಂದೆ ಇಲ್ಲಿಂದ ಹೊರಟ ಟಿಪ್ಪರು ಕೊಣ್ಣೂರ ಸೇತುವೆಯ ಮೇಲೆ ಒಬ್ಬನನ್ನು ಕೊಂದಿತು. ಓಡಿಸಿದವನು ಟಿಪ್ಪರಿನ ಮಾಲೀಕ ಸಂಗನಬಸವನ ಮಗ. ಜೈಲಿಗೆ ಹೋದವನು ಡ್ರೈವರ್ ವಸೀಮ!

ವಸೀಮನ ಅಕ್ಕ ಸಾಬೀರಾ ಗಜೇಂದ್ರಗಡದ ನನ್ನ ರಿಪೇರಿ ಅಂಗಡಿಗೆ ಬಂದಿದ್ದಳು. "ನಾಳಿ ಕೋರ್ಟ್ ಐತ್ರಿ ಅಕ್ಕಾರ. ಆ ಮುಖ ಒಂದ ತೋರಿಸಿದ್ರ ಸಾಕ್ರಿ..."

ಫೋಲ್ಡರ್ ಶೇರ್ ಮಾಡಿ, ಆ ದಿನದ ಫೈಲನ್ನು ವೈರಿನಲ್ಲಿ ನನ್ನ ಲ್ಯಾಪ್‌ಟಾಪಿಗೆ ಎಳೆಯುತ್ತಿದ್ದೆ. ಆಮೆಗತಿ!

ಕಾಟಾ ನಡೆಸುವ ಅಬ್ದುಲಗನಿ ಇಣುಕಿದ.

"ಅವ್ರು ಬಂದ್ರು! ಗೋವಿನಜೋಳದ ಲಾರಿನೂ ನಿಂತೈತಿ. ಮಷೀನ್ ಬಂದ್ ಮಾಡ್ಲೇನ್ರಿ?"

"ಬ್ಯಾಡ್ರಿ! ಲಾರಿ ತೂಗ್ರಿ. ಕೆಲಸ ನಿಂತ್ರ ಡೌಟ್ ಬರತೈತಿ."

ಹೊರಗೆ ಸಂಗನಬಸವನ ದನಿ.

"ಆ ಹೆಣ್ಮಗಳು ಎಲ್ಲೈತಲೇ?"

"ಯಾರೂ ಬಂದಿಲ್ರಿ ಸಾಹುಕಾರ್ರ..."

"ಹೊರಗಿನ ಸ್ಕೂಟಿ ನಿಮ್ಮಜ್ಜಂದೇನು?"

ಪಟ್! ಕಪಾಳಕ್ಕೆ ಬಿತ್ತು.

ಎಂಬತ್ತೊಂದು... ಎಂಬತ್ತೊಂದು...

ನಿಂತಿತು.

ಅರೆಬರೆ ಬಂದಿದ್ದ ಕಾಪಿ ಮಾಯವಾಯಿತು. ಕಾಟಾದ ಕಂಪ್ಯೂಟರಿನಲ್ಲಿದ್ದ ಫೈಲನ್ನೇ ತೆರೆದೆ. ಅದೇ ತಾರೀಖು, ಅದೇ ಹೆಸರು. ಒಳಗೆ... ಈಗಷ್ಟೇ ತೂಗಿದ ಗೋವಿನಜೋಳದ ಲಾರಿ! ಡ್ರೈವರ್ ಆಕಳಿಸುತ್ತಿದ್ದ.

ಆಗ ಹೊಳೆಯಿತು.

ಅಪಘಾತದ ದಿನ ಬೆಳಿಗ್ಗೆಯೇ ನಾನು ಇದಕ್ಕೆ ಐನೂರು ಜಿಬಿಯ ಹಾರ್ಡ್ ಡಿಸ್ಕ್ ಕೂಡಿಸಿದ್ದೆ. "ದೊಡ್ಡದು ಹಾಕೀನ್ರಿ, ಚಿಂತಿ ಬಿಡ್ರಿ" ಎಂದಿದ್ದೆ. ಈ ಮುದಿ ಯಂತ್ರಕ್ಕೆ ನೂರಾ ಮೂವತ್ತೇಳು ಜಿಬಿಯ ಆಚೆ ಎಣಿಸಲು ಬರುವುದಿಲ್ಲ. ಅಷ್ಟು ತುಂಬಿದರೆ ಸದ್ದಿಲ್ಲದೆ ಡಿಸ್ಕಿನ ಮೊದಲಿಗೆ ಹೋಗಿ, ಹಳೆಯದರ ಮೇಲೆಯೇ ಬರೆಯುತ್ತದೆ. ಮೊದಲಿಗಿದ್ದದ್ದು ಆ ದಿನದ ವಿಡಿಯೋ. ಇಂದು ತುಂಬಿತು. ಆ ಲೆಕ್ಕ ತುಂಬಿಸಿದ ಲಾರಿಯನ್ನು ತೂಗಲು ಹೇಳಿದವಳು ನಾನು!

ಬಾಗಿಲು ಮುರಿಯಿತು. ಸಂಗನಬಸವನ ಕೈಯಲ್ಲಿ ಪೆಟ್ರೋಲ್ ಕ್ಯಾನ್. ಪರದೆ ನೋಡಿದ. ತಾರೀಖು ನೋಡಿದ. ಮತ್ತೆ ಲಾರಿ ನೋಡಿದ.

"ನನ್ನ ಮಗ ಎಲ್ಲಿ?"

"ಅಳಿಸಿ ಹೋತು."

"ಯಾರು ಅಳಿಸಿದ್ರು?"

"...ನಾನ. ದೊಡ್ಡ ಡಿಸ್ಕ್ ಹಾಕಿದ್ದೆ, ಹಳೇದರ ಮ್ಯಾಲ ಬರೀತು."

ಫೋನ್ ಹೊಡೆದುಕೊಂಡಿತು. ಸಾಬೀರಾ. "ಅಕ್ಕಾರ, ಸಿಕ್ತೇನ್ರಿ?"

"ಇಲ್ಲವಾ."

ಆಕೆ ಅಳಲಿಲ್ಲ. ಫೋನ್ ಇಟ್ಟಳು.

ಸಂಗನಬಸವ ಹೊಟ್ಟೆ ಹಿಡಿದು ನಕ್ಕ. "ನಮ್ಮ ಆಫೀಸಿನ್ಯಾಗೂ ಒಂದ ಹಳೇ ಕಂಪ್ಯೂಟರ್ ಐತಿ ತಂಗಿ. ಬಂದು ದೊಡ್ಡ ಡಿಸ್ಕ್ ಹಾಕು!"

ನನ್ನ ನಂಬರ್ ಬರೆದುಕೊಂಡು ಹೋದ. ಈ ವರ್ಷ ನನ್ನ ಕೆಲಸ ಮೆಚ್ಚಿದ ಗಿರಾಕಿ ಅವನೊಬ್ಬನೇ.